ಮೂರು ಮಾಡ್, ಒಂದು ಪೆಟ್ಟಿಗೆ: ಫ್ಯಾಕ್ಟೋರಿಯೊದಲ್ಲಿ ಒಂದು ಜಗಳ ಬಿಡಿಸಿದ ಕಥೆ

ರಾತ್ರಿ ಮಲಗುವ ಹೊತ್ತಿಗೆ ಗೆಳೆಯನ ಮೆಸೇಜ್ ಬಂತು. "ಗುರು, ನಿನ್ನ ಮಾಡ್ ಗೇಮ್ ಬೀಳಿಸ್ತಾ ಇದೆ." ಜೊತೆಗೆ ಒಂದು ಸ್ಕ್ರೀನ್‌ಶಾಟ್. ಕಾರ್ಖಾನೆ ಕಟ್ಟುವ ಆಟ ಫ್ಯಾಕ್ಟೋರಿಯೊದ ಎರರ್ ಕಿಟಕಿ. ಅದರಲ್ಲಿ ನನ್ನ ಮಾಡ್‌ನ (ಆಟಕ್ಕೆ ಆಡುವವರೇ ಬರೆದು ಸೇರಿಸುವ ತುಣುಕು) ಹೆಸರು, ಫೈಲ್ ಹೆಸರು, ಸಾಲಿನ ಸಂಖ್ಯೆ ಎಲ್ಲ ಇತ್ತು. ನೀನು ಮುಟ್ಟಲು ಹೋದ ಎಂಟಿಟಿ (ಆಟದೊಳಗಿನ ವಸ್ತು) ಈಗ ಇಲ್ಲ ಅನ್ನುವುದು ದೂರು.

ನಾನು ಗೇಮ್ ತೆರೆದು ಹತ್ತು ನಿಮಿಷ ಆಡಿದೆ. ಏನೂ ಆಗಲಿಲ್ಲ. "ನನ್ನ ಹತ್ರ ಸರಿಯಾಗೇ ಇದೆಯಲ್ಲ" ಅಂತ ಉತ್ತರ ಹಾಕಿ ಮಲಗಿದೆ. ಮಾಡ್ ಬರೆಯುವವರೆಲ್ಲ ಮೊದಲು ಆಡುವ ಮಾತು ಇದೇ. ಅವನ ಗೇಮ್‌ನಲ್ಲಿ 40 ಮಾಡ್ ಇದ್ದವು. ನನ್ನದರಲ್ಲಿ ಇದ್ದದ್ದು ನನ್ನದೊಂದೇ.

(ಕನ್ನಡದಲ್ಲಿ 'ಮಾಡ್ ಮಾಡೋದು' ಅಂತ ಬರೆದರೆ ಓದಲು ಒಂಥರಾ ಇರುತ್ತದೆ. ಅದಕ್ಕೇ ಇಲ್ಲೆಲ್ಲ 'ಮಾಡ್ ಬರೆಯೋದು' ಅಂತಲೇ ಹೇಳುತ್ತೇನೆ.)

ನನ್ನ ಮಾಡ್ ದೊಡ್ಡದೇನಲ್ಲ. ಸ್ಟೀಲ್ ಪೆಟ್ಟಿಗೆಗಳಿಗೆ ಒಂದು ಕಾವಲು, ಅಷ್ಟೇ. ಪೆಟ್ಟಿಗೆಯಲ್ಲಿ ಸಾಮಾನು ಒಂದು ಮಿತಿಗಿಂತ ಕಡಿಮೆಯಾದರೆ ಅಲಾರಂ ಕೊಡುತ್ತದೆ. ಆಟಗಾರ ಪೆಟ್ಟಿಗೆ ಇಟ್ಟಾಗ ಅದನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. 60 ಟಿಕ್‌ಗೊಮ್ಮೆ, ಅಂದರೆ ಗೇಮ್ ಪೂರ್ತಿ ವೇಗದಲ್ಲಿ ಓಡುತ್ತಿದ್ದರೆ ಸೆಕೆಂಡಿಗೊಮ್ಮೆ, ಪಟ್ಟಿಯಲ್ಲಿರುವ ಪೆಟ್ಟಿಗೆಗಳನ್ನೆಲ್ಲ ಇಣುಕಿ ನೋಡುತ್ತದೆ.

ಗೆಳೆಯನ ಮಾಡ್ ಬೇರೆ ಥರದ್ದು. ಒಂದು ಜಾಗ ಗುರುತು ಮಾಡಿದರೆ ಸಾಕು, ಬೆಲ್ಟು, ಇನ್‌ಸರ್ಟರ್, ಪೆಟ್ಟಿಗೆ ಎಲ್ಲವನ್ನೂ ಸ್ಕ್ರಿಪ್ಟ್ ಮೂಲಕ ಒಂದೇ ಏಟಿಗೆ ಕಟ್ಟಿಬಿಡುತ್ತದೆ. ಇದನ್ನು 'ಕಟ್ಟುವ ಮಾಡ್' ಅನ್ನೋಣ. ಮೂರನೆಯದು ಯಾರೋ ಅಪರಿಚಿತರು ಬರೆದದ್ದು. ಅಕ್ಕಪಕ್ಕ ಇರುವ ಸಣ್ಣ ಪೆಟ್ಟಿಗೆಗಳನ್ನು ಅಳಿಸಿ, ಆ ಜಾಗದಲ್ಲಿ ಒಂದು ದೊಡ್ಡ ಗೋದಾಮು ಇಡುತ್ತದೆ. ಅದು 'ಕೂಡಿಸುವ ಮಾಡ್'. ಮೂರೂ ಒಂದೊಂದಾಗಿ ಹಾಕಿದರೆ ಚೆನ್ನಾಗಿಯೇ ನಡೆಯುತ್ತಿದ್ದವು.

ಗೇಮ್ ಬೀಳಲು ಕಾರಣ ಬೇಗ ಸಿಕ್ಕಿತು. ಕೂಡಿಸುವ ಮಾಡ್ ನನ್ನ ಪಟ್ಟಿಯಲ್ಲಿದ್ದ ಪೆಟ್ಟಿಗೆಗಳನ್ನು ಅಳಿಸುತ್ತಿತ್ತು. ಆ ಸುದ್ದಿ ನನ್ನ ಮಾಡ್‌ಗೆ ಗೊತ್ತೇ ಆಗುತ್ತಿರಲಿಲ್ಲ. ಮುಂದಿನ ಸುತ್ತಿನಲ್ಲಿ ಇಲ್ಲದ ಪೆಟ್ಟಿಗೆಯೊಳಗೆ ಕೈ ಹಾಕುತ್ತಿದ್ದೆ. ಎರರ್ ಬರುತ್ತಿತ್ತು, ಗೇಮ್ ಮೆನುವಿಗೆ ವಾಪಸ್. ಅಳಿಸಿದ್ದು ಇನ್ನೊಬ್ಬರ ಮಾಡ್ ಆದರೂ ಎರರ್‌ನಲ್ಲಿ ಬಂದದ್ದು ನನ್ನ ಹೆಸರು. ಆಡುವವರು ಹೆಸರು ನೋಡಿ ಬೈಯುತ್ತಾರೆ, ಅವರ ತಪ್ಪೇನಿಲ್ಲ ಬಿಡಿ.

ನಾನು ಎರಡು ಕೆಲಸ ಮಾಡಿದೆ. ಮುಟ್ಟುವ ಮೊದಲು ಪೆಟ್ಟಿಗೆ ಇನ್ನೂ ಇದೆಯಾ ಅಂತ ಕೇಳುವ ಒಂದು ಸಾಲು ಸೇರಿಸಿದೆ. ಇದು ಸರಿ. ಮೊದಲೇ ಇರಬೇಕಿತ್ತು. ಎರಡನೆಯದು ತಪ್ಪು. ಕೂಡಿಸುವ ಮಾಡ್‌ನ ಹೆಸರನ್ನೇ ನನ್ನ ಕೋಡ್‌ನಲ್ಲಿ ಬರೆದೆ. ಆ ಮಾಡ್ ಇದ್ದರೆ ಹೀಗೆ ಮಾಡು, ಗೆಳೆಯನದು ಇದ್ದರೆ ಹಾಗೆ ಮಾಡು. ಹಿಂದೆಯೂ ಈ ಥರ ಒಂದೊಂದೇ ಸೇರಿಸುತ್ತ ಬಂದಿದ್ದೆ. ಎಣಿಸಿದರೆ ಅಂಥ 'ಇದ್ದರೆ'ಗಳು 11 ಆಗಿದ್ದವು. ಅದರಲ್ಲಿ ಎರಡು ಮಾಡ್‌ಗಳ ಹೆಸರೇ ಬದಲಾಗಿತ್ತು.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಲೆಕ್ಕ ಹಾಕುವುದು ಕಷ್ಟವಲ್ಲ. 10 ಮಾಡ್ ಇದ್ದರೆ ಜೋಡಿಗಳು 45. ಗೆಳೆಯನ ಗೇಮ್‌ನಂತೆ 40 ಇದ್ದರೆ 780. ಪ್ರತಿ ಜೋಡಿಗೂ ಯಾರೋ ಒಬ್ಬರು ಕೂತು ತೇಪೆ ಹಾಕುವುದು ಆಗುವ ಮಾತಾ?

ಆದರೂ ಹಾಗೇ ಬಿಡುಗಡೆ ಮಾಡಿದೆ. ಅದೇ ಬಿಡುಗಡೆಯಲ್ಲಿ ಒಂದು ಹೊಸ ಸೊಗಸನ್ನೂ ಸೇರಿಸಿದ್ದೆ. ಕಾವಲಿರುವ ಪೆಟ್ಟಿಗೆಯ ಮೇಲೆ ಪುಟ್ಟ ಕೆಂಪು ದೀಪ. ಎರಡು ದಿನ ಬಿಟ್ಟು ಗೆಳೆಯ ಹೊಸ ಆಟ ಶುರು ಮಾಡಿ ಮತ್ತೆ ಬರೆದ: "ಈಗ ಬೀಳ್ತಿಲ್ಲ. ಆದ್ರೆ ಅಲಾರಂ ಒಂದೂ ಬರ್ತಿಲ್ಲ."

ಈ ಪ್ರಕರಣದ ನಿಜವಾದ ಪಾಠ ನನಗೆ ಸಿಕ್ಕಿದ್ದು ಇಲ್ಲಿಂದ ಮುಂದೆ. ಅದಕ್ಕೂ ಮೊದಲು ಫ್ಯಾಕ್ಟೋರಿಯೊ ಮಾಡ್‌ಗಳನ್ನು ಹೇಗೆ ಓಡಿಸುತ್ತದೆ ಅಂತ ಸ್ವಲ್ಪ ಹೇಳಬೇಕು.

ಪ್ರಾಗ್‌ನ ವೂಬ್ ಸಾಫ್ಟ್‌ವೇರ್ ಈ ಗೇಮ್‌ನ 1.0 ಆವೃತ್ತಿಯನ್ನು 2020ರ ಆಗಸ್ಟ್‌ನಲ್ಲಿ ತಂದಿತು. 2.0 ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಮೂಲ ಆಟದ ಸಾಮಾನು, ರೆಸಿಪಿಗಳೂ ಒಂದು ಮಾಡ್ ರೂಪದಲ್ಲೇ ಇವೆ. ಮಾಡ್ ಬರೆಯುವ ಭಾಷೆ ಲೂವಾ. ಕೆಲಸ ಮುಖ್ಯವಾಗಿ ಎರಡು ಹಂತದಲ್ಲಿ ನಡೆಯುತ್ತದೆ. ಗೇಮ್ ತೆರೆಯುವಾಗ ಡೇಟಾ ಹಂತ. ಸಾಮಾನು, ರೆಸಿಪಿ, ಯಂತ್ರ ಎಲ್ಲ ತಯಾರಾಗುವುದು ಆಗ. ಇಲ್ಲಿ ಎಲ್ಲ ಮಾಡ್‌ಗಳಿಗೂ ಸೇರಿ ಒಂದೇ ದೊಡ್ಡ ಟೇಬಲ್ (ಮಾಹಿತಿಯ ಪಟ್ಟಿ). ಯಾರು ಬೇಕಾದರೂ ಯಾರದ್ದನ್ನು ಬೇಕಾದರೂ ತಿದ್ದಬಹುದು. ಆಟ ಶುರುವಾದ ಮೇಲೆ ಕಂಟ್ರೋಲ್ ಹಂತ. ಇಲ್ಲಿ ಪೂರ್ತಿ ಉಲ್ಟಾ. ಪ್ರತಿ ಮಾಡ್‌ಗೂ ಅದರದೇ ಲೂವಾ ಕೋಣೆ. ಒಬ್ಬರ ವೇರಿಯಬಲ್ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಆಟದಲ್ಲಿ ಏನಾದರೂ ಆದರೆ ಈವೆಂಟ್ ಬರುತ್ತದೆ. ಯಾವ ಮಾಡ್ ಆ ಈವೆಂಟ್‌ಗೆ ತನ್ನ ಫಂಕ್ಷನ್ ನೋಂದಾಯಿಸಿದೆಯೋ ಆ ಮಾಡ್‌ಗೆ ಕರೆ ಹೋಗುತ್ತದೆ.

ಅಂದರೆ ಒಂದು ಹಂತ ಬಾಗಿಲಿಲ್ಲದ ಹಜಾರ, ಇನ್ನೊಂದು ಬೀಗ ಹಾಕಿದ ಕೋಣೆಗಳ ಸಾಲು. ನಮ್ಮ ಜಗಳಗಳು ಎರಡೂ ಕಡೆ ಇದ್ದವು.

ಅಲಾರಂ ಬರುತ್ತಿಲ್ಲ ಅಂದಾಗ ನಾನು ನೇರವಾಗಿ ಗೆಳೆಯನ ಕಟ್ಟುವ ಮಾಡ್ ಮೇಲೆ ಗೂಬೆ ಕೂರಿಸಿದೆ. ಕಾರಣವೂ ಇತ್ತು. ಫ್ಯಾಕ್ಟೋರಿಯೊದಲ್ಲಿ ಆಟಗಾರ ಕೈಯಿಂದ ಏನಾದರೂ ಇಟ್ಟರೆ 'ಆನ್-ಬಿಲ್ಟ್-ಎಂಟಿಟಿ' ಅನ್ನುವ ಈವೆಂಟ್ ಬರುತ್ತದೆ. ರೋಬೋಟ್ ಇಟ್ಟರೆ ಅದಕ್ಕೆ ಬೇರೆ ಈವೆಂಟ್. ಸ್ಕ್ರಿಪ್ಟ್ ಇಟ್ಟರೆ? ತಾನಾಗಿ ಯಾವುದೂ ಬರುವುದಿಲ್ಲ. ಇಡುವ ಮಾಡ್ ತಾನೇ 'ರೈಸ್-ಬಿಲ್ಟ್' ಅನ್ನುವ ಸ್ವಿಚ್ ಹಾಕಿದರೆ ಮಾತ್ರ ಉಳಿದವರಿಗೆ ಸುದ್ದಿ. ಗೆಳೆಯ ಹಾಕಿರಲಿಲ್ಲ. ಸರಿ, ತಪ್ಪು ಅವನದೇ ಅಂತ ಮೂರು ದಿನ ಅವನ ಜೊತೆ ವಾದ ಮಾಡಿದೆ.

ಕೊನೆಗೆ ಅವನು ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಎಡಗಡೆ ಅವನು ಕೈಯಿಂದ ಇಟ್ಟ ಪೆಟ್ಟಿಗೆಗಳು. ಬಲಗಡೆ ಅವನ ಮಾಡ್ ಕಟ್ಟಿದ್ದು. ಎಡಗಡೆ ಎಲ್ಲದರ ಮೇಲೂ ಕೆಂಪು ದೀಪ. ಬಲಗಡೆ ದೀಪವೇ ಇಲ್ಲ. ಅಲಾರಂ ಮಾತ್ರ ಎರಡೂ ಕಡೆ ಇಲ್ಲ. "ಬಲಗಡೆದು ನನ್ ತಪ್ಪು, ಒಪ್ಪಿದೆ. ಎಡಗಡೆದು ಯಾರದ್ದು?"

ಎಡಗಡೆಯದು ನನ್ನದು.

ಕಾವಲಿನ ಕೋಡ್ ಒಂದು ಫೈಲ್‌ನಲ್ಲಿತ್ತು. ದೀಪದ ಕೋಡ್ ಇನ್ನೊಂದರಲ್ಲಿ. ಫೈಲ್ ಬೇರೆ ಬೇರೆ ಇಟ್ಟಿದ್ದೇನೆ, ನನ್ನ ಕೋಡ್ ಮಾಡ್ಯುಲರ್ ಅಂತ ಒಳಗೊಳಗೇ ಹೆಮ್ಮೆ ಬೇರೆ. ಎರಡೂ ಫೈಲ್ ಒಂದೇ 'ಆನ್-ಬಿಲ್ಟ್-ಎಂಟಿಟಿ'ಗೆ ತಮ್ಮ ಫಂಕ್ಷನ್ ನೋಂದಾಯಿಸಿದ್ದವು. ಫ್ಯಾಕ್ಟೋರಿಯೊದ ನಿಯಮ ಏನೆಂದರೆ, ಒಂದು ಮಾಡ್‌ಗೆ ಒಂದು ಈವೆಂಟ್‌ಗೆ ಒಂದೇ ಫಂಕ್ಷನ್. ಎರಡನೇ ಸಲ ನೋಂದಾಯಿಸಿದರೆ ಮೊದಲನೆಯದು ಹೋಗುತ್ತದೆ. ಯಾವ ವಸ್ತುಗಳಿಗೆ ಮಾತ್ರ ಅನ್ನುವ ಫಿಲ್ಟರ್ ಬೇರೆ ಬೇರೆ ಕೊಟ್ಟಿದ್ದರೂ ಅಷ್ಟೇ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸುಮ್ನೆ ಅಳಿಸಿಹೋಗುತ್ತದೆ. ದೀಪದ ಫೈಲ್ ಎರಡನೆಯದಾಗಿ ಲೋಡ್ ಆಗುತ್ತಿತ್ತು. ದೀಪ ಉಳಿಯಿತು, ಕಾವಲು ಹೋಯಿತು.

ನನ್ನ ಗೇಮ್‌ನಲ್ಲಿ ಇದು ಯಾಕೆ ಗೊತ್ತಾಗಲಿಲ್ಲ? ನಾನು ಪರೀಕ್ಷೆ ಮಾಡಿದ್ದು ಹಳೆಯ ಸೇವ್‌ನಲ್ಲಿ. ಹಿಂದೆ ಇಟ್ಟ ಪೆಟ್ಟಿಗೆಗಳೆಲ್ಲ ಆಗಲೇ ಪಟ್ಟಿಯಲ್ಲಿದ್ದವು. ಅಲಾರಂ ಬರುತ್ತಲೇ ಇತ್ತು. ಹೊಸದಾಗಿ ಇಟ್ಟದ್ದರ ಮೇಲೆ ದೀಪ ಕಂಡು ಎಲ್ಲ ಸರಿ ಇದೆ ಅಂದುಕೊಂಡಿದ್ದೆ.

ಬೇರೆಯವರ ಮಾಡ್‌ಗಳ ಜೊತೆ ಹೊಂದಿಕೊಳ್ಳುವ ಮಾತು ಹಾಗಿರಲಿ, ನನ್ನ ಮಾಡ್‌ನ ಎರಡು ಫೈಲ್‌ಗಳೇ ಒಂದನ್ನೊಂದು ತುಳಿದುಕೊಂಡು ಕೂತಿದ್ದವು. ಬೀಗ ಹಾಕಿದ ಕೋಣೆ ಪಕ್ಕದ ಮನೆಯವರಿಂದ ಕಾಪಾಡುತ್ತದೆ, ಒಳಗಿನವರ ಜಗಳದಿಂದ ಕಾಪಾಡುವುದಿಲ್ಲ.

ಇದಕ್ಕೆ ಮದ್ದು ಗೇಮ್‌ನ ಒಳಗೇ ಇದೆ. ಫ್ಯಾಕ್ಟೋರಿಯೊದ ಕೋರ್ ಫೋಲ್ಡರ್‌ನಲ್ಲಿ 'ಈವೆಂಟ್ ಹ್ಯಾಂಡ್ಲರ್' ಅನ್ನುವ ಒಂದು ಸಣ್ಣ ಲೂವಾ ಫೈಲ್ ಉಂಟು. ಉಪಾಯ ಸರಳ. ಯಾವ ಫೈಲ್ ಕೂಡ ನೇರವಾಗಿ ಗೇಮ್ ಹತ್ತಿರ ಹೋಗಿ ನೋಂದಾಯಿಸಬಾರದು. ನನಗೆ ಈ ಈವೆಂಟ್ ಬೇಕು, ಬಂದಾಗ ಈ ಫಂಕ್ಷನ್ ಕರೆ ಅಂತ ಒಂದು ಟೇಬಲ್‌ನಲ್ಲಿ ಬರೆದುಕೊಡಬೇಕು. ಹ್ಯಾಂಡ್ಲರ್ ಎಲ್ಲರ ಟೇಬಲ್‌ಗಳನ್ನೂ ಕೂಡಿಸಿ, ಗೇಮ್‌ನಲ್ಲಿ ಒಂದೇ ಸಲ ನೋಂದಾಯಿಸುತ್ತದೆ. ಈವೆಂಟ್ ಬಂದಾಗ ಎಲ್ಲರನ್ನೂ ಸಾಲಾಗಿ ಕರೆಯುತ್ತದೆ. ಆಟ ಮೊದಲ ಸಲ ಶುರುವಾದಾಗ, ಸೇವ್ ಲೋಡ್ ಆದಾಗ, ಮಾಡ್‌ಗಳ ಪಟ್ಟಿ ಬದಲಾದಾಗ, ಇಷ್ಟು ಟಿಕ್‌ಗೊಮ್ಮೆ ಅಂತ ಕರೆಯುವಾಗ, ಎಲ್ಲಕ್ಕೂ ಇದೇ ದಾರಿ. ನನ್ನ ಮುಖ್ಯ ಫೈಲ್ ಇದರಿಂದ ನಾಲ್ಕೈದು ಸಾಲಿಗೆ ಇಳಿಯಿತು. ಕಾವಲು ಬೇಡವೆಂದರೆ ಒಂದು ಸಾಲು ತೆಗೆದರೆ ಸಾಕು, ದೀಪಕ್ಕೆ ಏನೂ ಆಗುವುದಿಲ್ಲ. ಆಮೇಲೆ ನಿಜವಾಗಿ ತೆಗೆದೂ ನೋಡಿದೆ. ಫೈಲ್ ಬೇರೆ ಮಾಡಿದ ಮಾತ್ರಕ್ಕೆ ಮಾಡ್ಯುಲರ್ ಆಗುವುದಿಲ್ಲ, ಒಂದನ್ನು ಕಿತ್ತರೆ ಉಳಿದದ್ದು ನಿಲ್ಲಬೇಕು ಅಂತ ಆವತ್ತು ತಲೆಗೆ ಹತ್ತಿತು.

ಮನೆಯೊಳಗಿನದು ಸರಿಹೋದ ಮೇಲೆ ಹೊರಗಿನದು.

ಗೆಳೆಯ ರೈಸ್-ಬಿಲ್ಟ್ ಸ್ವಿಚ್ ಹಾಕಿದ. ಅವನಿಗೆ ಐದು ನಿಮಿಷದ ಕೆಲಸ. ನಾನು 'ಸ್ಕ್ರಿಪ್ಟ್-ರೈಸ್ಡ್-ಬಿಲ್ಟ್' ಈವೆಂಟ್‌ಗೂ ಕಿವಿ ಕೊಟ್ಟೆ. ರೋಬೋಟ್ ಕಟ್ಟಿದ್ದು, ಸ್ಕ್ರಿಪ್ಟ್ ರಿವೈವ್ ಮಾಡಿದ್ದು (ಗುರುತು ಮಾತ್ರ ಇಟ್ಟದ್ದನ್ನು ನಿಜವಾಗಿ ಕಟ್ಟಿದ್ದು), ಎಂಟಿಟಿ ಕ್ಲೋನ್ (ನಕಲು) ಆದದ್ದು, ಇವಕ್ಕೂ ಕೊಟ್ಟೆ. ಬಲಗಡೆಯ ಪೆಟ್ಟಿಗೆಗಳಿಗೂ ದೀಪ ಬಂತು. ಇದರಲ್ಲಿ ನನ್ನ ಮಾಡ್‌ಗೆ ಅವನ ಹೆಸರು ಗೊತ್ತಿರಬೇಕಿಲ್ಲ, ಅವನದಕ್ಕೆ ನನ್ನ ಹೆಸರು ಗೊತ್ತಿರಬೇಕಿಲ್ಲ. ಅವನು 'ಇಟ್ಟೆ' ಅಂತ ಕೂಗುತ್ತಾನೆ, ಬೇಕಾದವರು ಕೇಳಿಸಿಕೊಳ್ಳುತ್ತಾರೆ.

ಕೂಡಿಸುವ ಮಾಡ್ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಪೆಟ್ಟಿಗೆ ಅಳಿಸುವಾಗ ಕೂಗಿ ಅಂತ ಅದನ್ನು ಬರೆದವರಿಗೆ ಕೇಳಿಕೊಂಡೆ. ಉತ್ತರ ಬರಲಿಲ್ಲ. ಮಾಡ್ ಬರೆಯುವವರು ಹವ್ಯಾಸಕ್ಕೆ ಬರೆಯುತ್ತಾರೆ, ಬಿಟ್ಟು ಹೋಗುತ್ತಾರೆ, ಅದು ಅವರ ಹಕ್ಕು. ಹಾಗಾದರೆ ಕೂಗದೇ ಇರುವವರ ಜೊತೆ ಹೇಗೆ ಬದುಕುವುದು? ಅದಕ್ಕೂ ಗೇಮ್‌ನಲ್ಲಿ ಒಂದು ದಾರಿ ಇದೆ. ಒಂದು ಎಂಟಿಟಿ ಸತ್ತರೆ ನನಗೆ ತಿಳಿಸು ಅಂತ ಮೊದಲೇ ಗೇಮ್‌ಗೆ ಹೇಳಿಟ್ಟುಕೊಳ್ಳಬಹುದು. ಯಾರು ಅಳಿಸಿದರೂ, ಹೇಗೆ ಅಳಿಸಿದರೂ 'ಆನ್-ಆಬ್ಜೆಕ್ಟ್-ಡಿಸ್ಟ್ರಾಯ್ಡ್' ಬರುತ್ತದೆ. ಎರಡು ಸೂಕ್ಷ್ಮ ಇವೆ. ಆ ಹೊತ್ತಿಗೆ ಎಂಟಿಟಿ ಇರುವುದಿಲ್ಲ, ಅದರ ಯೂನಿಟ್ ನಂಬರ್, ಅಂದರೆ ಗೇಮ್ ಕೊಟ್ಟ ಗುರುತಿನ ಸಂಖ್ಯೆ ಮಾತ್ರ ಸಿಗುತ್ತದೆ. ಹಾಗಾಗಿ ಪಟ್ಟಿಯನ್ನು ಯೂನಿಟ್ ನಂಬರ್ ಪ್ರಕಾರವೇ ಇಡಬೇಕು. ಇನ್ನೊಂದು, ಈ ಸುದ್ದಿ ಅದೇ ಟಿಕ್‌ನ ಕೊನೆಗೆ ಬರಬಹುದು, ಇಲ್ಲವೇ ಮುಂದಿನ ಟಿಕ್‌ನ ಕೊನೆಗೆ. ನಡುವಿನ ಆ ಸಂದಿಯಲ್ಲಿ ನನ್ನ ಕಾವಲು ಇಣುಕಿದರೆ? ಅದಕ್ಕೇ 'ಇನ್ನೂ ಇದೆಯಾ' ಅನ್ನುವ ಆ ಹಳೇ ಸಾಲನ್ನು ತೆಗೆಯಲಿಲ್ಲ.

ಡೇಟಾ ಹಂತದ ಜಗಳ ಇದರ ನಡುವೆಯೇ ಹೊರಬಿತ್ತು. ಸ್ಟೀಲ್ ಪೆಟ್ಟಿಗೆಗೆ ಮೂಲ ಆಟದಲ್ಲಿ 8 ಸ್ಟೀಲ್ ಪ್ಲೇಟ್ ಬೇಕು. ಕಾವಲು ಇರುವುದರಿಂದ ಒಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಕೂಡ ಬೇಕಾಗಲಿ ಅಂತ ನಾನು ರೆಸಿಪಿ ಬದಲಿಸಿದ್ದೆ. ಕೂಡಿಸುವ ಮಾಡ್ ಅದೇ ರೆಸಿಪಿಗೆ ಕಾಂಕ್ರೀಟ್ ಸೇರಿಸುತ್ತಿತ್ತು. ನಾನೇನು ಬರೆದಿದ್ದೆ ನೋಡಿ: ಸ್ಟೀಲ್ ಪೆಟ್ಟಿಗೆಗೆ ಬೇಕಾದದ್ದು 8 ಪ್ಲೇಟ್ ಮತ್ತು 1 ಸರ್ಕ್ಯೂಟ್. ಇಡೀ ಪಟ್ಟಿಯನ್ನೇ ಬದಲಿಸಿ ಹೊಸದಿಟ್ಟೆ. ಅವರು ಸೇರಿಸಿದ್ದ ಕಾಂಕ್ರೀಟ್ ನನ್ನ ಕೈಯಲ್ಲಿ ಮಾಯ. ಒಬ್ಬರ ಮೇಲೊಬ್ಬರು ಅವಲಂಬಿಸಿಲ್ಲದ ಮಾಡ್‌ಗಳು ಹೆಸರಿನ ಅಕ್ಷರದ ಕ್ರಮದಲ್ಲಿ ಲೋಡ್ ಆಗುತ್ತವೆ. ನನ್ನ ಹೆಸರು ಆಮೇಲೆ ಬರುತ್ತಿತ್ತು, ನನ್ನ ಮಾತೇ ನಡೆಯಿತು. ಹೆಸರಿನ ಮುಂದೆ ಝಡ್‌ಗಳನ್ನು ಪೇರಿಸಿ ಕೊನೆಗೆ ಹೋಗಿ ನಿಲ್ಲುವ ಉಪಾಯವನ್ನೂ ಜನ ಮಾಡುವುದುಂಟು. ಅದರಿಂದ ಆಗುವುದು ಝಡ್‌ಗಳ ಪೈಪೋಟಿ ಮಾತ್ರ.

ಫ್ಯಾಕ್ಟೋರಿಯೊ ಇಲ್ಲಿ ಮೂರು ಸುತ್ತು ಕೊಡುತ್ತದೆ. ಎಲ್ಲ ಮಾಡ್‌ಗಳ ಡೇಟಾ ಫೈಲ್ ಓಡಿದ ಮೇಲೆ ಎಲ್ಲರ ಅಪ್‌ಡೇಟ್ಸ್ ಫೈಲ್. ಅದೂ ಮುಗಿದ ಮೇಲೆ ಎಲ್ಲರ ಫೈನಲ್ ಫಿಕ್ಸಸ್ ಫೈಲ್. ನಾನು ಹೊಸ ಸಾಮಾನು ಸೃಷ್ಟಿಸುವುದನ್ನು ಮೊದಲ ಸುತ್ತಿನಲ್ಲಿ ಉಳಿಸಿಕೊಂಡೆ. ಬೇರೆಯವರದ್ದನ್ನು ಮುಟ್ಟುವುದನ್ನೆಲ್ಲ ಎರಡನೇ ಸುತ್ತಿಗೆ ಕಳಿಸಿದೆ. ಪಟ್ಟಿ ಬದಲಿಸುವುದನ್ನು ಬಿಟ್ಟು, ಸರ್ಕ್ಯೂಟ್ ಆಗಲೇ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಒಂದನ್ನು ಸೇರಿಸುವಂತೆ ಬರೆದೆ. ಮೂರನೇ ಸುತ್ತನ್ನು ಮುಟ್ಟಲೇ ಇಲ್ಲ. ಎಲ್ಲರೂ ಕೊನೆಯ ಸುತ್ತಿಗೆ ನುಗ್ಗಿದರೆ ಅದು ಮತ್ತೆ ಮೊದಲ ಸುತ್ತೇ ಆಗುತ್ತದೆ, ಅಲ್ವಾ?

ಇದೇ ರೋಗ ಬೇರೆ ಆಟಗಳಲ್ಲೂ ಇದೆ. 2011ರ ಸ್ಕೈರಿಮ್‌ನಲ್ಲಿ ಎರಡು ಪ್ಲಗಿನ್ (ಮಾಡ್‌ನ ಫೈಲ್) ಒಂದೇ ರೆಕಾರ್ಡ್ (ಒಂದು ವಸ್ತುವಿನ ದಾಖಲೆ) ಮುಟ್ಟಿದರೆ ಕೊನೆಗೆ ಲೋಡ್ ಆದದ್ದು ಗೆಲ್ಲುತ್ತದೆ. ಒಬ್ಬ ಕತ್ತಿಯ ಬೆಲೆ ಬದಲಿಸಿ, ಇನ್ನೊಬ್ಬ ಅದೇ ಕತ್ತಿಯ ತೂಕ ಬದಲಿಸಿದರೂ ಒಬ್ಬನದು ಮಾತ್ರ ಉಳಿಯುತ್ತದೆ. ಅದಕ್ಕೇ ಅಲ್ಲಿ ಎರಡನ್ನೂ ಕೂಡಿಸುವ ಪ್ಯಾಚ್‌ಗಳದ್ದೇ ಒಂದು ದೊಡ್ಡ ಲೋಕ ಬೆಳೆದಿದೆ. ರಿಮ್‌ವರ್ಲ್ಡ್ ಮಾಡ್‌ಗಳು ಹಾರ್ಮನಿ ಅನ್ನುವ ಲೈಬ್ರರಿ ಬಳಸಿ ಗೇಮ್‌ನ ಫಂಕ್ಷನ್‌ಗಳ ಹಿಂದೆ ಮುಂದೆ ತಮ್ಮ ಕೋಡ್ ಸಿಕ್ಕಿಸುತ್ತವೆ. ಮುಂದೆ ಸಿಕ್ಕಿಸಿದವನು ಮೂಲ ಫಂಕ್ಷನ್ ಓಡದಂತೆಯೂ ತಡೆಯಬಹುದು. ಹಾಗೆ ತಡೆದಾಗ ಮೂಲ ಫಂಕ್ಷನ್ ಒಳಗಿನ ಕೋಡ್ ನಂಬಿಕೊಂಡು ಕೂತ ಇನ್ನೊಂದು ಮಾಡ್ ಕಾಯುತ್ತಲೇ ಇರುತ್ತದೆ.

ಉಳಿದದ್ದು ನನ್ನ 11 'ಇದ್ದರೆ'ಗಳು. ಅವುಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತಿದ್ದವು: ಈ ಮಾಡ್‌ನ ಈ ಪೆಟ್ಟಿಗೆಗೆ ಕಾವಲು ಹಾಕಬೇಡ. ಗೆಳೆಯನ ಮಾಡ್ ಕೂಡ ಕಟ್ಟುವಾಗ ಕ್ಷಣ ಹೊತ್ತು ಇಟ್ಟು ತೆಗೆಯುವ ಪೆಟ್ಟಿಗೆಗಳನ್ನು ಬಳಸುತ್ತಿತ್ತು. ಅವಕ್ಕೆಲ್ಲ ಅಲಾರಂ ಕೂಗಿದರೆ ಕಿರಿಕಿರಿ. ಯಾವ ಪೆಟ್ಟಿಗೆ ತಾತ್ಕಾಲಿಕ ಅಂತ ಅವನಿಗೆ ಗೊತ್ತು, ನನಗೆ ಹೇಗೆ ಗೊತ್ತಾಗಬೇಕು? ಆದರೂ ಆ ಪಟ್ಟಿ ನನ್ನ ಕೋಡ್‌ನಲ್ಲಿತ್ತು. ಅವನು ಹೊಸ ಪೆಟ್ಟಿಗೆ ಸೇರಿಸಿದಾಗಲೆಲ್ಲ ನಾನು ಹೊಸ ಆವೃತ್ತಿ ಬಿಡಬೇಕಿತ್ತು.

ಬೀಗದ ಕೋಣೆಗಳ ನಡುವೆ ಮಾತಾಡಲು ಫ್ಯಾಕ್ಟೋರಿಯೊ ಒಂದು ಕಿಂಡಿ ಇಟ್ಟಿದೆ. ಅದು ರಿಮೋಟ್ ಇಂಟರ್‌ಫೇಸ್. ನಾನು ಒಂದು ಹೆಸರಿನಲ್ಲಿ ಕೆಲವು ಫಂಕ್ಷನ್‌ಗಳನ್ನು ಹೊರಗಿಡಬಹುದು, ಬೇರೆ ಮಾಡ್ ಅವನ್ನು ಕರೆಯಬಹುದು. ಟೇಬಲ್ ಕಳಿಸಿದರೆ ಅದರ ನಕಲು ಹೋಗುತ್ತದೆ. ಫಂಕ್ಷನ್ ಕಳಿಸಲು ಆಗುವುದಿಲ್ಲ. ನಾನು ಎರಡೇ ಇಟ್ಟೆ: 'ಬಿಡು' ಮತ್ತು 'ಸೇರಿಸು'. ಪೆಟ್ಟಿಗೆಯ ಹೆಸರು ಕೊಟ್ಟು 'ಬಿಡು' ಅಂದರೆ ಕಾವಲು ಬಿಡುತ್ತೇನೆ, 'ಸೇರಿಸು' ಅಂದರೆ ಹಾಕುತ್ತೇನೆ. ಗೆಳೆಯನ ಮಾಡ್ ನನ್ನದು ಇದೆಯಾ ಅಂತ ಮೊದಲು ನೋಡಿ ಆಮೇಲೆ ಕರೆಯುತ್ತದೆ. ಆಟ ಶುರುವಾದಾಗ ಒಮ್ಮೆ, ಮಾಡ್‌ಗಳ ಪಟ್ಟಿ ಬದಲಾದಾಗ ಒಮ್ಮೆ. ಅವನ ಮಾಹಿತಿ ಫೈಲ್‌ನಲ್ಲಿ ನನ್ನ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ. ಅಂದರೆ ನನ್ನ ಮಾಡ್ ಇರಲೇಬೇಕು ಅಂತಿಲ್ಲ, ಇದ್ದರೆ ಮಾತ್ರ ಮೊದಲು ನನ್ನದು ಲೋಡ್ ಆಗಲಿ. ಅವನು ಕರೆಯುವ ಹೊತ್ತಿಗೆ ನನ್ನ ಪಟ್ಟಿ ತಯಾರಿರುತ್ತದೆ. 11ರಲ್ಲಿ 9 ಅಳಿಸಿದೆ. ಆ ಕೂಡಿಸುವ ಮಾಡ್‌ಗೆ ಸಂಬಂಧಿಸಿದ ಎರಡು ಹಾಗೇ ಉಳಿದಿವೆ. ಅವರು ಕರೆಯುವುದಿಲ್ಲವಲ್ಲ, ನಾನೇ ನೋಡಿಕೊಳ್ಳಬೇಕು.

ಒಂದು ಎಡವಟ್ಟು ಇಲ್ಲೂ ಆಯಿತು. 'ಬಿಡು' ಅಂತ ಬಂದ ಹೆಸರುಗಳನ್ನು ನಾನು ಫೈಲ್‌ನ ಮೇಲುಗಡೆ ಒಂದು ಲೋಕಲ್ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಒಬ್ಬನೇ ಆಡುವಾಗ ಸರಿ. ಮಲ್ಟಿಪ್ಲೇಯರ್‌ನಲ್ಲಿ ಗೆಳೆಯ ನಡುವೆ ಬಂದು ಸೇರಿದ, ಸ್ವಲ್ಪ ಹೊತ್ತಿಗೆ ಡೀಸಿಂಕ್, ಅಂದರೆ ಇಬ್ಬರ ಆಟ ಒಂದಕ್ಕೊಂದು ತಾಳೆಯಾಗದೆ ಹೋಯಿತು. ಫ್ಯಾಕ್ಟೋರಿಯೊದಲ್ಲಿ ಪ್ರತಿ ಆಟಗಾರನ ಕಂಪ್ಯೂಟರ್ ಕೂಡ ಇಡೀ ಕಾರ್ಖಾನೆಯನ್ನು ತಾನೇ ಲೆಕ್ಕ ಹಾಕುತ್ತದೆ. ಎಲ್ಲರ ಲೆಕ್ಕವೂ ಒಂದೇ ಬರಬೇಕು. ನಡುವೆ ಬಂದವನಿಗೆ ಸಿಗುವುದು ಸೇವ್‌ನಲ್ಲಿ ಇದ್ದದ್ದು ಮಾತ್ರ. ಲೋಕಲ್ ವೇರಿಯಬಲ್ ಸೇವ್ ಆಗುವುದಿಲ್ಲ. ಹಾಗಾಗಿ ಅವನ ಪಟ್ಟಿ ಖಾಲಿ, ನನ್ನದು ತುಂಬಿತ್ತು. 'ಸ್ಟೋರೇಜ್' ಟೇಬಲ್‌ಗೆ ಹಾಕಿದ ಮೇಲೆ ಸರಿಹೋಯಿತು. 2.0ಕ್ಕೆ ಮೊದಲು ಅದರ ಹೆಸರು 'ಗ್ಲೋಬಲ್' ಅಂತಿತ್ತು. ಹಳೇ ಉದಾಹರಣೆ ನೋಡಿ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಮುಂದಿನ ಬಿಡುಗಡೆಯಲ್ಲಿ ನನಗೆ ಮತ್ತೆ ಕೈ ತುರಿಸಿತು. 'ಬಿಡು' ಫಂಕ್ಷನ್ ಒಂದೊಂದೇ ಹೆಸರು ತೆಗೆದುಕೊಳ್ಳುವುದು ಚೆನ್ನಾಗಿಲ್ಲ, ಪಟ್ಟಿಯನ್ನೇ ತೆಗೆದುಕೊಳ್ಳಲಿ ಅಂತ ಬದಲಿಸಿದೆ. ಅದೇ ಸಂಜೆ ಎರಡು ಎರರ್ ವರದಿ ಬಂದವು. ಒಂದು ಗೆಳೆಯನದು. ಇನ್ನೊಂದು ನಾನು ಹೆಸರೂ ಕೇಳದ ಒಂದು ರೈಲು ಮಾಡ್‌ನದು. ಅದನ್ನು ಬರೆದವರು ನನ್ನ ಇಂಟರ್‌ಫೇಸ್ ಬಳಸುತ್ತಿದ್ದಾರೆ ಅಂತ ನನಗೆ ಗೊತ್ತಾದದ್ದೇ ಆಗ. ರಾತ್ರಿಯೇ ಹಳೆಯ 'ಬಿಡು' ಇದ್ದ ಹಾಗೇ ವಾಪಸ್ ಇಟ್ಟೆ. ಪಟ್ಟಿ ತೆಗೆದುಕೊಳ್ಳುವುದಕ್ಕೆ ಬೇರೆ ಹೆಸರು ಕೊಟ್ಟೆ. ಹಳೆಯದು ಈಗ ಒಳಗೊಳಗೇ ಹೊಸದನ್ನು ಕರೆಯುತ್ತದೆ, ಎರಡೇ ಸಾಲು. ಅದರ ಮೇಲೆ 'ಇದನ್ನು ಮುಟ್ಟಬೇಡ' ಅಂತ ನನಗೇ ಒಂದು ಕಾಮೆಂಟ್ ಬರೆದಿಟ್ಟಿದ್ದೇನೆ.